ಖಾಲಿ ಪೊಟರೆ

ಮಾವಿನ ಮರದ ಪೊಟರೆಯ ಬಾಯಿ ಒಡೆದಿತ್ತು.

ಮೊದಲು ನೋಡಿದವರು ಎರಡನೇ ರೂಮಿನ ಫೋಟೋಗ್ರಾಫರ್. ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಫಿರಂಗಿಯಂಥ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ತೋಟಕ್ಕೆ ಇಳಿದಿದ್ದರು. ಮರದ ಬುಡದಲ್ಲಿ ಒಣಮಣ್ಣಿನ ಚೂರುಗಳು ಬಿದ್ದಿದ್ದವು. ಪಕ್ಕದಲ್ಲಿ ಮುದುಡಿದ ಒಂದು ಬಲೆ. ಮೇಲೆ, ಹದಿನೈದು ಅಡಿ ಎತ್ತರದಲ್ಲಿ, ಮಂಗಟ್ಟೆ ಹಕ್ಕಿಯ ಗೂಡು. ಅದರಲ್ಲಿ ಎರಡು ಮರಿಗಳಿದ್ದವು. ಈಗ ಒಂದೂ ಇಲ್ಲ.

ಏಳಕ್ಕೆಲ್ಲ ನಾನು ಆ ಮನೆಯ ಗೇಟಿನ ಮುಂದೆ ಜೀಪು ನಿಲ್ಲಿಸಿದೆ. ನಾನು ಅರಣ್ಯ ಇಲಾಖೆಯ ಡ್ರೈವರ್. ಇಪ್ಪತ್ತೆರಡು ವರ್ಷದ ಸರ್ವಿಸು. ಪಕ್ಕದ ಸೀಟಿನಲ್ಲಿ ನಮ್ಮ ರೇಂಜರ್ ಮೇಡಂ. ಆಕೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಜೀಪು ನಿಲ್ಲುವ ಮೊದಲೇ ಒಂದು ಕಾಲು ನೆಲದ ಮೇಲಿರುತ್ತದೆ. ಒಂದು ದಿನ ಬೀಳುತ್ತೀರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಆ ಮನೆಯಲ್ಲಿ ನಾಲ್ಕು ರೂಮುಗಳಿವೆ. ಸುತ್ತ ಎರಡು ಎಕರೆ ತೋಟ. ಬಂದವರಿಗೆ ರಾತ್ರಿ ಹಾಸಿಗೆ, ಬೆಳಗ್ಗೆ ತಿಂಡಿ, ಉಳಿದ ಹೊತ್ತೆಲ್ಲ ಹಕ್ಕಿ ನೋಡುವುದು. ನಡೆಸುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಹಾಗಾಗಿ ಆಕೆಯ ಗಂಡ ಬಂದವರಿಗೆಲ್ಲ ಭಾವ. ಅಡುಗೆ, ಬುಕಿಂಗು, ಗೆಸ್ಟುಗಳ ಜೊತೆ ಮಾತು ಅಕ್ಕನ ಕೆಲಸ. ಹಾಸಿಗೆ, ಬಟ್ಟೆ, ನೆಲ ಭಾವನದು. ತೋಟ ಮಾಲಿಯದು.

ಮೂರು ತಿಂಗಳಿಂದ ಅಲ್ಲಿ ಒಂದು ರೂಮೂ ಖಾಲಿಯಿರಲಿಲ್ಲ. ಕಾರಣ ಆ ಮಂಗಟ್ಟೆ ಜೋಡಿ. ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಯಿಗೆ ಮಣ್ಣು ಮೆತ್ತಿಕೊಂಡು ಕೂರುತ್ತದೆ. ಬೆರಳಗಲದ ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ಮರಿಗಳು ದೊಡ್ಡವಾದಾಗ ತಾಯಿ ಗೋಡೆ ಒಡೆದು ಹೊರಗೆ ಬರುತ್ತದೆ. ಮರಿಗಳು ಒಳಗಿಂದ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತವೆ. ತಾಯಿ ಹೊರಗೆ ಬಂದು ಆಗಲೇ ವಾರವಾಗಿತ್ತು. ಈಗ ಎರಡೂ ದೊಡ್ಡ ಹಕ್ಕಿಗಳು ಕೊಕ್ಕಿನಲ್ಲಿ ಹಣ್ಣು ಹಿಡಿದುಕೊಂಡು ಮರದಿಂದ ಮರಕ್ಕೆ ಹಾರುತ್ತಿದ್ದವು. ಕೂರುತ್ತಿರಲಿಲ್ಲ. ಕಿರುಚುತ್ತಿದ್ದವು. ಆ ಸದ್ದು ಕೇಳಿ ನನಗೇ ಮೈ ಪರಚಿಕೊಳ್ಳುವ ಹಾಗಾಯಿತು.

"ಮರಿಗಳಿಗೆ ಗಂಟೆ ಗಂಟೆಗೂ ಏನಾದ್ರೂ ತಿನ್ನಿಸ್ತಿರಬೇಕು," ಮೇಡಂ ಹೇಳಿದರು. "ಮಧ್ಯಾಹ್ನದೊಳಗೆ ಸಿಗಲಿಲ್ಲ ಅಂದ್ರೆ ಸಿಕ್ಕಿಯೂ ಪ್ರಯೋಜನ ಇಲ್ಲ."

ಮೆಟ್ಟಿಲ ಮೇಲೆ ಭಾವ ನಿಂತಿದ್ದರು. ಕೈಯಲ್ಲಿ ನೆಲ ಒರೆಸುವ ಕೋಲು, ಹೆಗಲ ಮೇಲೆ ಟವೆಲ್ಲು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು.

"ಬನ್ನಿ ಮೇಡಂ. ಡ್ರೈವರ್ರೇ, ಬೂಟು."

"ಒರೆಸಿದೆ ಸಾರ್."

"ಹಿಮ್ಮಡಿ ಒರೆಸಿಲ್ಲ."

ಮನೆಯಲ್ಲಿ ಕಳ್ಳತನವಾಗಿದೆ, ಒಳಗೆ ಹೆಂಡತಿ ಕಣ್ಣೀರು ಹಾಕುತ್ತಿದ್ದಾರೆ, ಈ ಮಹಾರಾಯನಿಗೆ ನನ್ನ ಹಿಮ್ಮಡಿಯ ಚಿಂತೆ. ಹಲ್ಲು ಕಚ್ಚಿಕೊಂಡು ಒರೆಸಿದೆ. ಆಮೇಲೆ ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮಾಲಿಯನ್ನು ನೋಡಿದೆ. ನೋಡಿದ್ದೇ ತಡ, ಕೇಸು ಮುಗಿಯಿತು ಎಂದುಕೊಂಡೆ.

ಹನ್ನೆರಡು ವರ್ಷದ ಹಿಂದೆ ಅದೇ ಮನುಷ್ಯನನ್ನು ಅದೇ ಜೀಪಿನಲ್ಲಿ ನಾನೇ ಜೈಲಿಗೆ ಬಿಟ್ಟು ಬಂದಿದ್ದೆ. ಗಿಳಿ ಹಿಡಿದು ಮಾರುತ್ತಿದ್ದ. ಎರಡು ವರ್ಷ ಒಳಗಿದ್ದ. ಹೊರಗೆ ಬಂದವನನ್ನು ಅಕ್ಕ ಕರೆದು ಕೆಲಸ ಕೊಟ್ಟರು. ಈಗ ಗೆಸ್ಟುಗಳಿಗೆ ಹಕ್ಕಿ ತೋರಿಸುವವನೂ ಅವನೇ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

* * *

ಫೋಟೋಗ್ರಾಫರ್ ಕುದಿಯುತ್ತಿದ್ದರು. ಮಣ್ಣು ಮೆತ್ತಿದ ಬೂಟಿನಲ್ಲೇ ಅಂಗಳದಲ್ಲಿ ಶತಪಥ ಹಾಕುತ್ತಿದ್ದರು.

"ಇನ್ನೇನ್ ನೋಡೋದಿದೆ ಮೇಡಂ? ಬಲೆ ಅವನ್ದೇ ಶೆಡ್ಡಿಂದು. ಹಳೇ ಕಳ್ಳ. ನಿಮ್ಮ ದೊಡ್ಡ ಸಾಹೇಬ್ರಿಗೆ ಆಗ್ಲೇ ಫೋನ್ ಮಾಡಿದೀನಿ. ನಮ್ಮ ಮಾವನ ಕ್ಲಾಸ್‌ಮೇಟು."

ಹೇಳಿ ಬಾಯಿ ಮುಚ್ಚಿರಲಿಲ್ಲ, ಮೇಡಂ ಫೋನು ಬಡಿದುಕೊಂಡಿತು. ಮೇಡಂ "ಸರಿ ಸಾರ್" ಎಂದು ನಾಲ್ಕು ಸಲ ಹೇಳಿದರು. ಪ್ರತಿ ಸಲವೂ ಮುಖ ಇನ್ನಷ್ಟು ಗಂಟಾಯಿತು.

"ಹತ್ತು ಗಂಟೆಯೊಳಗೆ ಮಾಲಿನ ಕರ್ಕೊಂಡು ಬರಬೇಕಂತೆ," ನನಗೆ ಮಾತ್ರ ಕೇಳುವಂತೆ ಹೇಳಿದರು. "ಎರಡನೇ ಕೇಸು. ಈ ಸಲ ಏಳು ವರ್ಷಕ್ಕೆ ಕಮ್ಮಿ ಆಗಲ್ಲ."

"ಕರ್ಕೊಂಡು ಹೋಗೋಣ ಮೇಡಂ. ದಾರೀಲಿ ಬಾಯಿ ಬಿಡಿಸಿದ್ರಾಯ್ತು."

"ಬಾಯಿ ಬಿಡದೇ ಇದ್ರೆ ಮರಿ?"

ಮಾಲಿಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅವನಿಗೆ ಐವತ್ತೈದು ಇರಬಹುದು. ಎರಡೂ ತೋಳಿನ ಮೇಲೆ ಹಸಿ ಗೀರುಗಳು.

"ಇದೇನಿದು?"

"ಗುಲಾಬಿ ಕತ್ತರಿಸ್ತಿದ್ದೆ ಮೇಡಂ. ನಿನ್ನೆ."

"ಕೆಲಸಕ್ಕೆ ಎಷ್ಟೊತ್ತಿಗೆ ಬಂದೆ?"

"ಆರೂಕಾಲಿಗೆ."

"ನಿನ್ನೆ ಸಂಜೆ ಮರದ ಬುಡಕ್ಕೆ ನೀರು ಬಿಟ್ಟಿದ್ಯಾ?"

"ಬಿಟ್ಟಿದ್ದೆ. ಆ ಸಾಲಿಗೆಲ್ಲ ಬಿಟ್ಟಿದ್ದೆ."

ಮೇಡಂ ಮರದ ಕಡೆ ಆಗಲೇ ಅರ್ಧ ದಾರಿ ಹೋಗಿದ್ದರು. ನಾನು ಹಿಂದೆ ಓಡಿದೆ.

ನೆಲ ಇನ್ನೂ ಕೆಸರಾಗಿತ್ತು. ಬುಡದಲ್ಲಿ ಎರಡು ಚೌಕನೆಯ ಗುಂಡಿ. ಏಣಿಯ ಕಾಲು ಕೂತ ಗುರುತು. ನಾನು ಬಗ್ಗಿ ಕೈ ಇಳಿಸಿದೆ. ನಾಲ್ಕು ಬೆರಳು ಮುಳುಗಿತು. ಸುತ್ತ ರಬ್ಬರ್ ಚಪ್ಪಲಿಯ ಹೆಜ್ಜೆಗಳು. ಆ ಮನೆಯಲ್ಲಿ ಪ್ರತಿ ಬಾಗಿಲ ಮುಂದೆಯೂ ಅಂಥ ಒಂದು ಜೊತೆ ಇಟ್ಟಿರುತ್ತಾರೆ. ಎಲ್ಲ ಒಂದೇ ಥರ, ಒಂದೇ ಅಳತೆ. ಹೆಜ್ಜೆ ನೋಡಿ ಯಾರದೆಂದು ಹೇಳುವ ಹಾಗಿಲ್ಲ.

ಇನ್ನೊಂದು ಜೊತೆ ಹೆಜ್ಜೆ ಇತ್ತು. ಬರಿಗಾಲಿನದು. ಗೇಟಿನ ಕಡೆಯಿಂದ ನಿಧಾನಕ್ಕೆ ಬಂದು, ಮರಕ್ಕೆ ಐದಡಿ ದೂರದಲ್ಲಿ ನಿಂತು, ಹಿಂತಿರುಗಿ ಓಡಿತ್ತು. ಓಡಿದವನ ಹೆಬ್ಬೆರಳು ಆಳವಾಗಿ ಊರಿರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಅದರ ಮೇಲೆ ಫೋಟೋಗ್ರಾಫರ ಬೂಟಿನ ಅಚ್ಚು ಬಿದ್ದಿತ್ತು.

"ಅಂದ್ರೆ ಇವರಿಗಿಂತ ಮೊದಲೇ ಬಂದಿದ್ದ," ನಾನು ಹೇಳಿದೆ. "ಆರೂಕಾಲು ಅಂತ ಸುಳ್ಳು ಹೇಳ್ದ. ಸಿಕ್ಕಿಬಿದ್ದ ನೋಡಿ."

ಮೇಡಂ ಬಲೆಯನ್ನು ಕಾಲಲ್ಲಿ ಸರಿಸಿ ನೋಡಿದರು. ಆಮೇಲೆ ತಲೆಯೆತ್ತಿ ಮರವನ್ನು. ಪೊಟರೆಗೆ ಎದುರಾಗಿದ್ದ ಒಂದು ಕೊಂಬೆಯ ತುದಿ ಇರಲಿಲ್ಲ. ಕತ್ತರಿಸಿದ ಜಾಗ ಬೆಳ್ಳಗೆ ಹೊಸದಾಗಿತ್ತು.

"ಏಣಿ ಎಲ್ಲಿಡ್ತಾರೆ?"

* * *

ಹಿಂದಿನ ವರಾಂಡದಲ್ಲಿ ಇಡುತ್ತಿದ್ದರು. ಗೋಡೆಗೆ ಎರಡು ಕೊಕ್ಕೆ, ಅವುಗಳ ಮೇಲೆ ಮರದ ಏಣಿ ಅಡ್ಡಡ್ಡ ಮಲಗಿತ್ತು. ಪಕ್ಕದಲ್ಲಿ ಬಟ್ಟೆ ಕೋಣೆಯ ಮುಚ್ಚಿದ ಬಾಗಿಲು. ಬಾಗಿಲ ಪಕ್ಕ ವಾಷಿಂಗ್ ಮೆಷಿನ್ನು. ಅದು ಗಡಗಡ ಎಂದು ಮನೆಯನ್ನೇ ಅಲ್ಲಾಡಿಸುತ್ತಿತ್ತು. ಮಾತಾಡಬೇಕೆಂದರೆ ಕೂಗಬೇಕಿತ್ತು.

ಏಣಿಯನ್ನು ಇಳಿಸಿದೆ. ಮೇಡಂ ಕಾಲುಗಳ ಅಡಿ ಹೆಬ್ಬೆರಳು ಒತ್ತಿ ನೋಡಿದರು. ಒಂದು ಚೂರು ಮಣ್ಣಿಲ್ಲ. ಮರ ಮಾತ್ರ ಒದ್ದೆಯಾಗಿ ಕಪ್ಪಗಿತ್ತು. ಮೇಲಿನ ಮೆಟ್ಟಿಲುಗಳೆಲ್ಲ ಒಣಗಿ ಬೆಳ್ಳಗೆ.

"ಬೇರೆ ಏಣಿ ಇದ್ಯಾ?"

"ಇಲ್ಲ, ಇದೊಂದೇ," ಭಾವ ಹಿಂದೆಯೇ ಬಂದು ನಿಂತಿದ್ದರು. "ಮೇಡಂ, ಕೆಳಗಿಡಬೇಡಿ, ಈಗ ತಾನೇ ಒರೆಸಿದೀನಿ. ಕೊಡಿ, ನಾನು ಹಾಕ್ತೀನಿ."

ನನ್ನ ಕೈಯೆಲ್ಲ ಕೆಸರು. "ಸಾರ್, ಒಂದು ಟವೆಲ್ ಕೊಡ್ತೀರಾ?"

"ಟವೆಲ್ಲಾ?" ಅವರ ಕಣ್ಣು ಒಂದು ಗಳಿಗೆ ಬಟ್ಟೆ ಕೋಣೆಯ ಬಾಗಿಲಿಗೆ ಹೋಗಿ ಬಂತು. "ಒಂದೂ ಒಣಗಿಲ್ಲ. ಇದ್ರಲ್ಲೇ ಒರೆಸ್ಕೊಳ್ಳಿ." ಹೆಗಲ ಮೇಲಿನದನ್ನೇ ಕೊಟ್ಟರು.

ಬೂಟಿನ ಹಿಮ್ಮಡಿಗೆ ಅಷ್ಟು ರಗಳೆ ಮಾಡಿದ ಮನುಷ್ಯ ತನ್ನ ಹೆಗಲ ಟವೆಲ್ಲಿಗೆ ನನ್ನ ಕೆಸರು ಮೆತ್ತಿಸಿಕೊಂಡರು. ಪಾಪ, ಒಳ್ಳೆಯವರೇ ಎಂದುಕೊಂಡೆ. ಇದನ್ನೂ ನಿಮಗೆ ಹೇಳಲು ನಾಚಿಕೆಯಾಗುತ್ತದೆ.

* * *

ಮೇಡಂ ಹೊರಗಿನವರ ಸಾಮಾನನ್ನೆಲ್ಲ ಜಾಲಾಡಿದರು. ಕಾರುಗಳ ಡಿಕ್ಕಿ, ತೋಟದ ಶೆಡ್ಡು, ಮಾಲಿಯ ಸೈಕಲ್ಲಿನ ಚೀಲ. ಏನೂ ಸಿಗಲಿಲ್ಲ. ಗಡಿಯಾರ ಎಂಟೂವರೆ ತೋರಿಸುತ್ತಿತ್ತು.

ಫೋಟೋಗ್ರಾಫರ ಬ್ಯಾಗಿನಲ್ಲಿ ಒಂದು ಮಡಚುವ ಗರಗಸ ಸಿಕ್ಕಿತು. ಹಲ್ಲುಗಳ ನಡುವೆ ಮರದ ಪುಡಿ.

"ಕ್ಯಾಮೆರಾ ಬ್ಯಾಗಿಗೆ ಗರಗಸ ಯಾಕೆ?"

ಆ ಮನುಷ್ಯನ ಗಾಳಿ ಒಂದೇ ಸಲಕ್ಕೆ ಇಳಿಯಿತು. "ಕೊಂಬೆ ಅಡ್ಡ ಬರ್ತಿತ್ತು... ಫ್ರೇಮಿಗೆ. ನಿನ್ನೆ ಸಂಜೆ ತುದಿ ಸ್ವಲ್ಪ ತೆಗೆದೆ. ಕೋಲಿಗೆ ಕಟ್ಟಿ ಕೆಳಗಿಂದಲೇ. ಮರಿ ಮುಟ್ಟಿಲ್ಲ ಮೇಡಂ, ಆಣೆಗೂ."

"ಗೂಡಿನ ಮರೆ ತೆಗೆದಿದ್ದೀರಿ. ಅದಕ್ಕೂ ಒಂದು ಕೇಸಿದೆ. ನಿಮ್ಮ ಮಾವನ ಕ್ಲಾಸ್‌ಮೇಟಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಅಲ್ಲಿಗೆ ಆತ ಶತಪಥ ನಿಲ್ಲಿಸಿ ಒಂದು ಕುರ್ಚಿ ಹಿಡಿದು ಕೂತರು.

ಮೇಡಂ ಜೀಪಿನ ಹತ್ತಿರ ಬಂದು ಮಾಲಿಯ ಎದುರು ನಿಂತರು. "ಬರಿಗಾಲಲ್ಲಿ ಬಂದು ಓಡಿಹೋಗಿದ್ದು ನೀನು. ಯಾಕೆ ಸುಳ್ಳು ಹೇಳ್ದೆ?"

ಮಾಲಿ ನನ್ನ ಕಡೆ ನೋಡಿದ. ಮೇಡಂ ಕಡೆಯಲ್ಲ, ನನ್ನ ಕಡೆ.

"ಐದೂವರೆಗೆ ಬಂದೆ. ಗೂಡು ಒಡೆದಿರೋದು ನೋಡ್ದೆ. ಕೆಳಗೆ ನನ್ನ ಬಲೆ ಬಿದ್ದಿತ್ತು. ಇನ್ನು ಯಾರು ಏನೇ ಹೇಳಿದ್ರೂ ಈ ಜೀಪು ಬರತ್ತೆ, ನನ್ನೇ ಕೂರಿಸ್ಕೊಳ್ತಾರೆ ಅಂತ ಗೊತ್ತಾಯ್ತು. ಕಾಲು ತನ್ನಷ್ಟಕ್ಕೆ ಓಡ್ತು. ಅರ್ಧ ದಾರಿಲಿ, ಓಡಿದ್ರೆ ನಾನೇ ಅಂತಾಗುತ್ತಲ್ಲ ಅನ್ನಿಸ್ತು. ವಾಪಸ್ ಬಂದೆ."

"ಬಲೆ ಶೆಡ್ಡಲ್ಲಿ ಯಾಕಿತ್ತು?"

"ಸಸಿ ಮಡಿಗೆ ಹೊದಿಸೋಕೆ. ಅಕ್ಕನಿಗೂ ಗೊತ್ತು."

"ಮರಿ ತೆಗೆಯೋಕೆ ಬಲೆ ಬೇಕಾ?"

ಮಾಲಿ ಮೊದಲ ಸಲ ಸ್ವಲ್ಪ ನಕ್ಕ. "ಹಾರೋ ಹಕ್ಕಿಗೆ ಮೇಡಂ ಬಲೆ. ಪೊಟರೇಲಿ ಕೂತಿರೋ ಮರಿಗೆ ಕೈ ಸಾಕು."

ನಾನು ನಾಲಿಗೆ ಕಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಕಾಡಿನ ಕೆಲಸ ಮಾಡಿ ನನಗೆ ಹೊಳೆಯದ ಮಾತು.

"ಇನ್ನೊಂದು ಹೇಳು. ಏಣಿ ಬಳಸಿದ ಮೇಲೆ ಏನ್ ಮಾಡ್ತೀಯ?"

"ಮರಕ್ಕೇ ಒರಗಿಸಿ ಬಿಡ್ತೀನಿ. ಅದಕ್ಕೆ ದಿನಾ ಭಾವನ ಹತ್ರ ಬೈಸ್ಕೊಳ್ತೀನಿ."

ಮೇಡಂ ತಿರುಗಿ ಮನೆಯ ಕಡೆ ನಡೆದರು. ಈ ಸಲ ಓಡಲಿಲ್ಲ.

* * *

ಊಟದ ಮನೆಯಲ್ಲಿ ಮೂರನೇ ರೂಮಿನ ಟೀಚರಮ್ಮ ಒಬ್ಬರೇ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದರು. ನಿವೃತ್ತಿಯಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಅವರ ಎದುರು ದಪ್ಪನೆಯ ನೋಟ್‌ಬುಕ್ಕು. ಆ ಮನೆಯ ಪದ್ಧತಿ ಅದು. ಯಾವ ಹಕ್ಕಿ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಗೆಸ್ಟುಗಳು ಬರೆಯುತ್ತಾರೆ.

"ಈ ಗಲಾಟೆಯಲ್ಲೂ ಬರೀತಿದೀರಾ?" ಮೇಡಂ ಕೇಳಿದರು.

"ಹಕ್ಕಿಗೇನು ರಜಾನಾ?" ಟೀಚರಮ್ಮ ಪುಸ್ತಕ ತಿರುಗಿಸಿ ತೋರಿಸಿದರು. "ಆದ್ರೆ ಇವತ್ತು ಈ ಗಂಡಿಗೆ ತಲೆ ಕೆಟ್ಟಿದೆ. ನೋಡಿ. ಏಳು ನಲವತ್ತು, ಹಣ್ಣು ಕಚ್ಕೊಂಡು ಹಿಂದಿನ ಸೂರಿನ ಮೇಲೆ. ಎಂಟು ಐದು, ಅದೇ ಜಾಗ. ಎಂಟು ಇಪ್ಪತ್ತೈದು, ಮತ್ತೆ ಅಲ್ಲೇ, ಈ ಸಲ ಹೆಣ್ಣೂ ಜೊತೆಗೆ. ಮೂರು ದಿನದಿಂದ ನೋಡ್ತಿದೀನಿ, ಆ ಕಡೆ ಒಂದು ಸಲವೂ ಹೋದದ್ದಿಲ್ಲ."

ಮೇಡಂ ಆ ಮೂರು ಸಾಲುಗಳನ್ನು ಎರಡು ಸಲ ಓದಿದರು.

ಅಕ್ಕ ಅಡುಗೆಮನೆಯಿಂದ ಚಹಾ ತಂದರು. ಅತ್ತು ಅತ್ತು ಮುಖ ಊದಿತ್ತು. "ಪಪ್ಪಾಯ ಇಲ್ಲ, ತಪ್ಪು ತಿಳ್ಕೋಬೇಡಿ. ಅರ್ಧ ಹಣ್ಣು ಮುಚ್ಚಿಟ್ಟಿದ್ದೆ. ಬೆಳಗ್ಗೆ ನೋಡಿದ್ರೆ ತಟ್ಟೆ ಖಾಲಿ. ಇವತ್ತು ಯಾವುದೂ ಇಟ್ಟಲ್ಲಿ ಇರ್ತಿಲ್ಲ."

"ನಿಮ್ಮ ರೂಮು ಯಾವುದು ಅಕ್ಕ?"

"ನಮ್ಮದಾ?" ಅಕ್ಕ ಸಂಕೋಚದಿಂದ ನಕ್ಕರು. "ಸೀಸನ್ನಲ್ಲಿ ನಮ್ಮದನ್ನೂ ಗೆಸ್ಟಿಗೆ ಕೊಟ್ಬಿಡ್ತೀವಿ. ಮೂರು ತಿಂಗಳಿಂದ ಸ್ಟೋರ್ ರೂಮೇ ಗತಿ."

ನಾವು ಸ್ಟೋರ್ ರೂಮು ನೋಡಿದೆವು. ಹಿಟ್ಟಿನ ಡಬ್ಬಗಳು, ಗೊಬ್ಬರದ ಮೂಟೆ, ಹಕ್ಕಿಗಳಿಗೆ ಹಾಕುವ ಕಾಳಿನ ಚೀಲ. ನಡುವೆ ಸಂದಿ ಮಾಡಿಕೊಂಡು ಒಂದು ಕಿರಿದಾದ ಮಂಚ, ಎರಡು ದಿಂಬು. ಒಂದು ದಿಂಬಿನ ಪಕ್ಕ ಅಮೃತಾಂಜನದಂಥ ಮುಲಾಮಿನ ಡಬ್ಬಿ, ಇನ್ನೊಂದರ ಪಕ್ಕ ಐದಕ್ಕೆ ಇಟ್ಟ ಅಲಾರಂ. ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿತ್ತು. ಹಿಂದಿನ ಅಂಗಳದಲ್ಲಿ ಇನ್ನೂ ಎರಡು ರೂಮು ಕಟ್ಟಲು.

"ಭಾವ ಒಪ್ಪಿದ್ದಾರಾ ಇದಕ್ಕೆ?"

"ಅವರು ಯಾವುದಕ್ಕೆ ಬೇಡ ಅಂದಿದ್ದಾರೆ?" ಅಕ್ಕ ಹೇಳಿದರು. "ನನಗಿಂತ ಮೊದಲೇ ಎದ್ದಿರ್ತಾರೆ. ನಾಲ್ಕೂವರೆಗೆ ಕೆಲಸ ಶುರು."

ಮೇಡಂ ಹಿಂದಿನ ಕಿಟಕಿಯಿಂದ ಹೊರಗೆ ನೋಡಿದರು. ನಾನೂ ನೋಡಿದೆ. ಅಲ್ಲಿ ಏನಿತ್ತು? ಬಟ್ಟೆ ಒಣಹಾಕುವ ತಂತಿ. ಅದರ ಮೇಲೆ ಒಂದು ಕ್ಲಿಪ್ಪು. ಬಿಸಿಲು ಚೆನ್ನಾಗಿ ಬಿದ್ದಿತ್ತು.

"ಎಲ್ಲರನ್ನೂ ಹಿಂದಿನ ವರಾಂಡಕ್ಕೆ ಕರೀರಿ," ಮೇಡಂ ನನಗೆ ಹೇಳಿದರು. "ಮಾಲಿನೂ."

ಒಂಬತ್ತೂವರೆಯಾಗಿತ್ತು.

* * *

ಮೆಷಿನ್ನು ಗಡಗಡಿಸುತ್ತಲೇ ಇತ್ತು. ಮೇಡಂ ಗಂಟಲು ಏರಿಸಿದರು.

"ಕದ್ದವರು ಹೊರಗಿನವರಲ್ಲ. ಈ ಮನೆಯವರು. ಮಾಲಿಯಂತೂ ಅಲ್ಲ. ಕೆಳಗೆ ಬಲೆ ಹಾಕಿದವರು ಬೇಟೆಗಾರರ ಕೆಲಸದ ಹಾಗೆ ಕಾಣ್ಲಿ ಅಂತ ಹಾಕಿದ್ದಾರೆ. ಆದ್ರೆ ಅವರಿಗೆ ಬೇಟೆ ಗೊತ್ತಿಲ್ಲ. ಪೊಟರೆ ಮರಿಗೆ ಬಲೆ ಬೇಕಾಗಿಲ್ಲ. ಇದು ಗೊತ್ತಿರೋನು ಇಲ್ಲಿ ಒಬ್ಬನೇ, ಅವನು ಆ ತಪ್ಪು ಮಾಡ್ತಿರಲಿಲ್ಲ."

ಮಾಲಿ ನೆಲ ನೋಡುತ್ತ ನಿಂತಿದ್ದ.

"ಎರಡನೇದು ಏಣಿ. ಅದರ ಕಾಲು ನಾಲ್ಕು ಬೆರಳು ಕೆಸರಲ್ಲಿ ಹೂತಿದೆ. ನಾನು ಬಂದು ನೋಡಿದಾಗ ತೊಳೆದು ಕೊಕ್ಕೆಗೆ ಹಾಕಿತ್ತು. ಕಾಲು ಮಾತ್ರ ಒದ್ದೆ. ಬಲೆ ಬಿಟ್ಟು, ಮಣ್ಣಿನ ಚೂರು ಬಿಟ್ಟು, ಹೆಜ್ಜೆ ಗುರುತು ಬಿಟ್ಟು ಹೋದ ಕಳ್ಳನಿಗೆ ಏಣಿಯ ಕಾಲು ತೊಳೆಯೋ ಪುರುಸೊತ್ತು ಯಾಕೆ ಬಂತು? ಮುಚ್ಚಿಡೋಕಲ್ಲ. ಒರೆಸಿದ ನೆಲಕ್ಕೆ ಕೆಸರು ಬೀಳೋದು ಅವರಿಂದ ನೋಡೋಕಾಗಲ್ಲ, ಅದಕ್ಕೆ. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗೇ ಮಾಡಿಬಿಡ್ತು."

ನನ್ನ ಕಣ್ಣು ನನಗೇ ಗೊತ್ತಿಲ್ಲದೆ ನನ್ನ ಬೂಟಿನ ಹಿಮ್ಮಡಿಗೆ ಹೋಯಿತು. ಅಲ್ಲಿಂದ ಭಾವನ ಮುಖಕ್ಕೆ. ಭಾವ ನೆಲ ಒರೆಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಮೂರನೇದು ಈ ಮೆಷಿನ್ನು. ನಾವು ಬಂದಾಗಿನಿಂದ ಓಡ್ತಿದೆ. ಎರಡೂವರೆ ಗಂಟೆ. ತಂತಿ ಮೇಲೆ ಒಂದು ಕರ್ಚೀಫೂ ಇಲ್ಲ. ನಾಲ್ಕು ರೂಮಿನ ಮನೇಲಿ ನಮ್ಮ ಡ್ರೈವರಿಗೆ ಕೈ ಒರೆಸೋಕೆ ಒಂದು ಟವೆಲ್ ಸಿಗಲಿಲ್ಲ. ಟವೆಲ್ ಎಲ್ಲ ಈ ಬಾಗಿಲ ಹಿಂದಿವೆ. ಬಾಗಿಲು ತೆಗೆಯೋ ಹಾಗಿಲ್ಲ. ಹಕ್ಕಿಗಳಿಗೆ ಅದು ನಮಗಿಂತ ಮೊದಲೇ ಗೊತ್ತಾಗಿದೆ. ಟೀಚರಮ್ಮನ ಪುಸ್ತಕದಲ್ಲಿ ಮೂರು ಸಲ ಬರೆದಿದೆ. ಈ ಸೂರು, ಅದರ ಕೆಳಗೆ ಈ ಕೋಣೆಯ ಗವಾಕ್ಷಿ." ಮೇಡಂ ತಿರುಗಿದರು. "ಭಾವ, ಮೆಷಿನ್ ಆಫ್ ಮಾಡಿ."

ಭಾವ ಕದಲಲಿಲ್ಲ.

ಅಕ್ಕ ಗಂಡನನ್ನು ನೋಡಿದರು. ತುಂಬ ಹೊತ್ತು ನೋಡಿದರು ಅನ್ನಿಸಿತು, ನಾಲ್ಕೈದು ಸೆಕೆಂಡು ಇರಬಹುದು. ಆಮೇಲೆ ತಾವೇ ಹೋಗಿ ಸ್ವಿಚ್ಚು ಒತ್ತಿದರು.

ಮೆಷಿನ್ನು ನರಳಿ ನಿಂತಿತು. ಬೆಳಗ್ಗಿನಿಂದ ಕಿವಿಯಲ್ಲಿದ್ದ ಗಡಗಡ ಹೋಗಿ ಮನೆಯೆಲ್ಲ ನಿಶ್ಶಬ್ದವಾಯಿತು. ಬಾಗಿಲ ಹಿಂದಿನಿಂದ ಕೀರಲು ದನಿ ಕೇಳಿಸಿತು. ಒಂದು, ಅದರ ಹಿಂದೆಯೇ ಇನ್ನೊಂದು. ಸೂರಿನ ಮೇಲೆ ರೆಕ್ಕೆ ಬಡಿದ ಸದ್ದಾಯಿತು.

 

* * *

ಬಟ್ಟೆ ಹಾಕುವ ಬುಟ್ಟಿಯಲ್ಲಿದ್ದವು. ಕೆಳಗೆ ನಾಲ್ಕು ಮಡಿಕೆ ಬಿಳಿ ಟವೆಲ್ಲು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಹಾಸಿತ್ತು. ಪಕ್ಕದಲ್ಲಿ ಹೋಳು ಮಾಡಿದ ಪಪ್ಪಾಯ, ಸಣ್ಣ ಬಟ್ಟಲಲ್ಲಿ ನೀರು. ಮರಿಗಳು ಹಣ್ಣು ಮುಟ್ಟಿರಲಿಲ್ಲ. ಒಂದು ನಿಂತು ಕೂಗುತ್ತಿತ್ತು. ಇನ್ನೊಂದರ ಕತ್ತು ಆಗಲೇ ಜೋಲುತ್ತಿತ್ತು.

"ಕೊಲ್ಲೋಕಲ್ಲ," ಭಾವ ಹೇಳಿದರು. "ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹಕ್ಕಿಧಾಮಕ್ಕೆ ಕೊಟ್ಟು ಬರೋಣ ಅಂತ. ಗೂಡಿಲ್ಲ ಅಂದ್ರೆ ಮುಂದಿನ ವರ್ಷ ಯಾರೂ ಬರಲ್ಲ. ಹಿಂದಿನ ಅಂಗಳನೂ ಉಳಿಯತ್ತೆ. ನಮ್ಮ ರೂಮು ನಮಗೆ ಸಿಗತ್ತೆ."

"ಅದಕ್ಕೆ ಇದಾ?" ಅಕ್ಕ ಕೇಳಿದರು. "ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ದೆ. ಮೂರು ಸಲ. ಮೂರು ಸಲವೂ ಯಾರೋ ಚಹಾ ಕೇಳಿದ್ರು, ನೀನು ಎದ್ದು ಹೋದೆ."

ಅದು ನಿಜವಿರಬೇಕು. ಅಕ್ಕನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೂ ಆ ಮನುಷ್ಯನ ಮೇಲೆ ಅಯ್ಯೋ ಅನ್ನಿಸಿತು. ಮೂರು ತಿಂಗಳು ಗೊಬ್ಬರದ ಮೂಟೆಯ ಪಕ್ಕ ಮಲಗಿ, ಬೆಳಗ್ಗೆ ಎದ್ದು ಊರವರ ಹಾಸಿಗೆ ಹಾಸುವುದೆಂದರೆ ಯಾರಿಗೆ ತಾನೇ ತಲೆ ನೆಟ್ಟಗಿರುತ್ತದೆ?

"ಸರಿ, ನಾನು ಕೇಳಿಸ್ಕೊಳ್ಳಲಿಲ್ಲ," ಅಕ್ಕ ಕೊನೆಗೆ ಹೇಳಿದರು. "ಅದು ನನ್ನ ತಪ್ಪು. ಮಾಲಿ ನಿಮಗೇನ್ ಮಾಡಿದ್ದ?"

"ಬಲೆ ಹಾಕುವಾಗ ಅವನ ನೆನಪೇ ಆಗಲಿಲ್ಲ. ಯಾರೋ ಹೊರಗಿನವರು ಅಂತ ಅಂದ್ಕೊಳ್ಲಿ ಅಂತ..."

"ಆಮೇಲೆ? ಜೀಪಿನಲ್ಲಿ ಕೂರಿಸಿದ್ರಲ್ಲ, ಆಗ ನೆನಪಾಗಲಿಲ್ವಾ? ಎರಡು ಗಂಟೆಗೂ ಮೇಲೆ ಕೂತಿದ್ದ. ಮತ್ತೆ ಜೈಲಿಗೆ ಹೋಗೋ ಮಾತು. ನೀವು ನೆಲ ಒರೆಸ್ತಾ ಇದ್ರಿ."

ಭಾವ ಮಾಲಿಯ ಕಡೆ ತಲೆಯೆತ್ತಲಿಲ್ಲ.

ಮಾಲಿ ಇದನ್ನೆಲ್ಲ ಕೇಳುತ್ತಲೇ ಇರಲಿಲ್ಲ. ಬುಟ್ಟಿಯ ಮುಂದೆ ಮಂಡಿಯೂರಿ ಸೋತ ಮರಿಯ ಗಂಟಲನ್ನು ಬೆರಳಲ್ಲಿ ಸವರುತ್ತಿದ್ದ. "ಮೇಡಂ, ಜಗಳ ಆಮೇಲೆ ಆಡ್ಲಿ. ಇವನ್ನ ಬೇಗ ವಾಪಸ್ ಇಡಬೇಕು. ಏಣಿ ಹಿಡ್ಕೊಳ್ಳೋಕೆ ಒಬ್ಬರು ಬೇಕು."

ನಾನು ಹೋದೆ.

* * *

ಅವನು ಮೇಲೆ ಹತ್ತಿದ, ನಾನು ಕೆಳಗೆ ಏಣಿ ಹಿಡಿದೆ. ಕೆಸರು ನನ್ನ ಕಣಕಾಲಿನವರೆಗೆ ಬಂತು. ಮರಿಗಳನ್ನು ಒಂದೊಂದಾಗಿ ಒಳಗಿಟ್ಟ. ಬಿದ್ದ ಮಣ್ಣಿನ ಚೂರುಗಳನ್ನೇ ನೀರಲ್ಲಿ ನೆನೆಸಿ ಬಾಯಿಗೆ ಮೆತ್ತಿದ. ಬೆರಳಗಲ ಸೀಳು ಬಿಟ್ಟ. ಹತ್ತು ನಿಮಿಷದ ಕೆಲಸ. ಹಿಡಿಯಲು ಕಲಿತ ಕೈ ಅದು, ಈಗ ಕಟ್ಟುತ್ತಿತ್ತು.

ನಾವೆಲ್ಲ ದೂರ ಸರಿದು ಬೇಲಿಯ ಮರೆಯಲ್ಲಿ ಕೂತೆವು. ಮೇಡಂ ಕೂಡ ಕೂತರು. ಅವರು ಒಂದೇ ಕಡೆ ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋನು ಎರಡು ಸಲ ಬಡಿದುಕೊಂಡಿತು. ತೆಗೆಯಲಿಲ್ಲ.

"ಮಾಲಿಯಣ್ಣ," ನಾನು ಪಿಸುಗುಟ್ಟಿದೆ. ಹನ್ನೆರಡು ವರ್ಷದಲ್ಲಿ ಅವರನ್ನು ಹಾಗೆ ಕರೆದಿರಲಿಲ್ಲ. "ಬೆಳಗ್ಗೆ ನಿಮ್ಮನ್ನ ನೋಡಿದ ತಕ್ಷಣ ನೀವೇ ಅಂದ್ಕೊಂಡೆ. ತಪ್ಪಾಯ್ತು."

ಅವರು ಗೂಡಿನಿಂದ ಕಣ್ಣು ತೆಗೆಯಲಿಲ್ಲ. "ಅವತ್ತು ನೀವು ಹಿಡಿದದ್ದು ಸರಿಯಾಗಿತ್ತು. ಇವತ್ತಿಂದು ಸರಿಯಿರಲಿಲ್ಲ. ಪರವಾಗಿಲ್ಲ ಅಂತ ಈಗಲೇ ಹೇಳೋಕೆ ನನ್ನಿಂದ ಆಗಲ್ಲ."

"ಬೇಡ," ಎಂದೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಂಡು ಬಂತು. ಮೊದಲು ಹಿಂದಿನ ಸೂರಿಗೆ ಹೋಯಿತು. ಅಲ್ಲಿ ಕಿವಿಗೊಟ್ಟು ಕೂತಿತು. ಆಮೇಲೆ ಮಾವಿನ ಮರಕ್ಕೆ. ಹೊಸ ಮಣ್ಣನ್ನು ಕೊಕ್ಕಿನಲ್ಲಿ ಎರಡು ಸಲ ಕುಟ್ಟಿ ನೋಡಿತು. ಹಕ್ಕಿ ಸೀಳಿಗೆ ಹಣ್ಣು ಹಿಡಿಯಿತು. ಒಳಗಿನಿಂದ ಒಂದು ಕೊಕ್ಕು ಬಂದು ಕಸಿದುಕೊಂಡಿತು. ಅದು ಹೋಗಿ ಇನ್ನೊಂದು ಹಣ್ಣು ತಂದಿತು. ಈ ಸಲ ಬಂದದ್ದು ಬೇರೆ ಕೊಕ್ಕು, ಸಣ್ಣದು, ನಿಧಾನದ್ದು. ಆದರೂ ತೆಗೆದುಕೊಂಡಿತು.

ಮಾಲಿಯಣ್ಣ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡರು. ಮಣ್ಣು ಕೆನ್ನೆಗೆಲ್ಲ ಹತ್ತಿತು. ನಾನು ಬೇರೆ ಕಡೆ ನೋಡಿದೆ.

ಹಿಂದೆ ಅಂಗಳದಲ್ಲಿ ಫೋಟೋಗ್ರಾಫರ್ ಅಕ್ಕನಿಗೆ ಏನೋ ಕೇಳುತ್ತಿದ್ದರು. ಅಕ್ಕನ ಉತ್ತರ ನಮಗೆ ಸ್ಪಷ್ಟವಾಗಿ ಕೇಳಿಸಿತು. "ಇವತ್ತು ಚಹಾ ಇಲ್ಲ. ನಾಳೆಯಿಂದ ಒಂದು ರೂಮು ಕಮ್ಮಿ. ಅದು ನಮ್ಮದು."

ಭಾವನಿಗೂ ಅದು ಕೇಳಿಸಿತು. ಅವರು ಜೀಪಿನ ಪಕ್ಕ ನಿಂತಿದ್ದರು. ಮೇಡಂ ಹಿಂದಿನ ಬಾಗಿಲು ತೆಗೆದರು. ಬೆಳಗ್ಗೆ ಮಾಲಿಯಣ್ಣ ಕೂತಿದ್ದ ಜಾಗ. ಭಾವ ಒಂದು ಕಾಲೆತ್ತಿದವರು ನಿಂತು, ಬಗ್ಗಿ, ಚಪ್ಪಲಿ ಬಿಚ್ಚಿ, ಅವನ್ನು ಹುಲ್ಲಿಗೆ ಉಜ್ಜತೊಡಗಿದರು. ಮೊದಲು ಅಟ್ಟೆ, ಆಮೇಲೆ ಹಿಮ್ಮಡಿ.

"ಬನ್ನಿ ಸಾರ್," ನಾನು ಹೇಳಿದೆ. "ನನ್ನ ಜೀಪು ಗಲೀಜೇ."

ಅವರು ಕೇಳಿಸಿಕೊಳ್ಳಲಿಲ್ಲ. ಉಜ್ಜುತ್ತಲೇ ಇದ್ದರು. ಅಕ್ಕ ಅಂಗಳ ದಾಟಿ ಬಂದು ಆ ಚಪ್ಪಲಿಗಳನ್ನು ಅವರ ಕೈಯಿಂದ ತೆಗೆದುಕೊಂಡರು. ನೆಲದ ಮೇಲೆ ಜೋಡಿಸಿಟ್ಟು, ಅವರು ಮೆಟ್ಟಿಕೊಳ್ಳುವವರೆಗೂ ಅಲ್ಲೇ ನಿಂತಿದ್ದರು.